ಪಾಳಿ ಮುಗಿದ ಮೇಲಿನ ಕೆಲಸ

ಸ್ಕಾರ್ವೊಯ್ ದ್ವೀಪದ ಮೀನು ಕಾರ್ಖಾನೆಯಲ್ಲಿ ಹತ್ತು ವರ್ಷ ಕಾಡ್ ಮೀನು ಸೀಳಿ ಬಲಗೈಯ ಮಣಿಕಟ್ಟು ಸೋತುಹೋದ ಮೇಲೆ ಮಿಲ್ದಾ ದುಭಾಷಿಯಾದಳು. ಅವಳು ಲಿಥುವೇನಿಯಾದ ಶಿಲುತೆ ಊರಿನವಳು. ಗಂಡ ಆಲ್ವಿದಾಸ್‌ನ ಜೊತೆ ಒಂದೇ ಒಂದು ಚಳಿಗಾಲ ದುಡಿದು ಹೋಗೋಣ ಎಂದು ನಾರ್ವೆಯ ಈ ಉತ್ತರದ ತುದಿಗೆ ಬಂದವಳು, ಮನೆ ಕೊಂಡು, ಮಗಳನ್ನು ಇಲ್ಲಿಯ ಶಾಲೆಗೆ ಸೇರಿಸಿ, ಇಲ್ಲಿಯವಳೇ ಆಗಿಹೋಗಿದ್ದಳು. ಕೈ ಕೆಲಸ ನಿಂತ ಮೇಲೆ ಮನೆಯಲ್ಲೇ ಕೂತು ಓದಿ ಪರೀಕ್ಷೆ ಪಾಸು ಮಾಡಿಕೊಂಡಳು. ದ್ವೀಪದ ಲಿಥುವೇನಿಯನ್ನರ ಬಸಿರು, ಬಾಣಂತನ, ತೆರಿಗೆಯ ತಕರಾರು, ಮಕ್ಕಳ ಮೇಲೆ ಶಾಲೆಯವರ ದೂರು ಎಲ್ಲವೂ ಈಗ ಅವಳ ಬಾಯಿಯ ಮೂಲಕವೇ ದಾಟಬೇಕಿತ್ತು. ಒಬ್ಬರ ಮಾತನ್ನು ಇನ್ನೊಬ್ಬರ ಮನೆಗೆ ಒಯ್ಯದವಳು ಎಂಬ ಹೆಸರು ಅವಳಿಗಿತ್ತು. ಆ ಹೆಸರಿನಿಂದಲೇ ಅವಳ ಹೊಟ್ಟೆ ತುಂಬುತ್ತಿತ್ತು.

ಆ ವರ್ಷ ಫೆಬ್ರುವರಿಯಲ್ಲಿ, ಮೀನಿನ ಸುಗ್ಗಿ ಜೋರಾಗಿದ್ದಾಗ, ಯೋರುನ್ ಎಂಬ ಸಂಶೋಧಕಿ ಹಡಗಿನಿಂದ ಇಳಿದಳು. ನಲವತ್ತರ ಹತ್ತಿರದ ಹೆಂಗಸು, ಮಾತು ಕಡಿಮೆ, ಯಾರು ಏನು ಕೊಟ್ಟರೂ ತಿನ್ನುವವಳು. ಹೊರಗಿನಿಂದ ಬಂದ ಕೆಲಸಗಾರರಿಂದ ಊರವರ ಕೂಲಿಗೆ, ಕೆಲಸಕ್ಕೆ ಏನಾಯಿತು ಎಂದು ಕರಾವಳಿಯ ಊರೂರು ತಿರುಗಿ ಕೇಳುವುದು ಅವಳ ಉದ್ಯೋಗ. ಅಂಕಿಗಳು ಅವಳ ಹತ್ತಿರ ಆಗಲೇ ಇದ್ದವು. ಅಂಕಿಗಳ ಹಿಂದಿರುವ ಮನುಷ್ಯರನ್ನು ಕಾಣಬೇಕಾಗಿತ್ತು. ಲಿಥುವೇನಿಯನ್ನರ ಜೊತೆ ಮಾತಾಡಲು ಪಂಚಾಯಿತಿಯವರು ಮಿಲ್ದಾಳನ್ನು ಗೊತ್ತುಮಾಡಿದರು.

ಊಟಕ್ಕೆ ಕೂತಾಗ ಮಿಲ್ದಾ ಈ ಸಂಗತಿ ಹೇಳಿದಳು. ಆಲ್ವಿದಾಸ್ ಆಲೂಗಡ್ಡೆಯ ಮೇಲೆ ಹುಳಿಕೆನೆ ಸುರಿದುಕೊಳ್ಳುತ್ತ ನಕ್ಕ.

"ನಾವು ಬಂದು ಏನಾಯ್ತು ಅಂತ ಕೇಳೋಕೆ ಅಷ್ಟು ದೂರದಿಂದ ಬರಬೇಕಿತ್ತಾ? ಮೀನು ಸೀಳಿದ್ವಿ. ಅಷ್ಟೇ ಆಗಿರೋದು."

"ಅದನ್ನೇ ಕೇಳಿ ಬರ್ಕೊಳ್ಳೋದು ಅವಳ ಕೆಲಸ."

"ನನ್ನನ್ನೂ ಕೇಳ್ತಾಳಾ? ನನ್ನ ಮಾತನ್ನ ನೀನೇ ಅವಳಿಗೆ ಹೇಳೋದಾ? ಆಗ ನನ್ನ ಬಾಯಲ್ಲಿ ಒಳ್ಳೆ ಮಾತೇ ಬಂದ ಹಾಗಿರುತ್ತೆ ಬಿಡು."

"ಗಂಡನಿಗೆ ನಾನು ದುಭಾಷಿ ಆಗೋ ಹಾಗಿಲ್ಲ. ನಿನ್ನ ಹೆಸರು ಆಗಲೇ ಪಟ್ಟಿಯಿಂದ ಹೊಡೆದುಹಾಕಿದಾರೆ," ಎಂದಳು ಮಿಲ್ದಾ.

ಯೋರುನ್ ಮೊದಲು ಊರಿನವರನ್ನು ಕೇಳಲು ಹೊರಟಳು. ಅದಕ್ಕೆ ದುಭಾಷಿ ಬೇಕಿರಲಿಲ್ಲ. ಆದರೆ ಹಾಲ್ವಾರ್ ಮಾತ್ರ ಮಿಲ್ದಾ ಬಂದರಷ್ಟೇ ಬಾಯಿ ಬಿಡುವೆನೆಂದು ಹಟ ಹಿಡಿದ. ಅವನು ಮಿಲ್ದಾಳ ಬೀದಿಯವನೇ. ಅದೇ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಚೂರಿ ಹಿಡಿದಿದ್ದ. ಗಂಟೆಯ ಲೆಕ್ಕದಲ್ಲಿದ್ದ ಕೂಲಿ ಕಿಲೋ ಲೆಕ್ಕಕ್ಕೆ ತಿರುಗಿದ ಮೇಲೆ ಹರೆಯದವರ ಜೊತೆ ಓಡಲಾರದೆ ಬಿಟ್ಟು ಬಂದಿದ್ದ. ಅಂದಿನಿಂದ ಲಿಥುವೇನಿಯನ್ನರು ಎದುರಾದರೆ ಗದ್ದ ಅಲ್ಲಾಡಿಸುತ್ತಿದ್ದ, ಅದಕ್ಕಿಂತ ಹೆಚ್ಚಿಲ್ಲ.

"ಅವಳೂ ಬರ್ಲಿ," ಎಂದು ಅವನು ಫೋನಿನಲ್ಲಿ ಯೋರುನ್‌ಗೆ ಹೇಳಿದ್ದ. "ನಾನು ಹೇಳುದನ್ನು ಅವಳ ಎದುರೇ ಹೇಳ್ತೇನೆ. ನಾಳೆ ಹಿಂದಿನಿಂದ ಮಾತಾಡಿದ ಅಂತ ಆಗುದು ಬೇಡ."

ಹಾಗೆ ಮಿಲ್ದಾ ಏನೂ ಕೆಲಸವಿಲ್ಲದೆ ಹಾಲ್ವಾರನ ಅಡುಗೆಮನೆಯ ಬೆಂಚಿನ ಮೇಲೆ ಕೂತಳು. ಅವನ ಹೆಂಡತಿ ತೂರಿಲ್ ಕಾಫಿ ಬಗ್ಗಿಸಿ, ಬಿಸಿ ವಾಫಲ್‌ಗಳ ತಟ್ಟೆಯನ್ನೂ ಜಾಮಿನ ಬಟ್ಟಲನ್ನೂ ನಡುವೆ ಇಟ್ಟು, ತಾನು ಸ್ಟೋವಿನ ಪಕ್ಕ ನಿಂತಳು.

"ಇವರಿಗೆ ಚೂರಿ ಹಿಡಿಯುದು ಕಲಿಸಿದ್ದು ಯಾರು? ನಾನು," ಎಂದ ಹಾಲ್ವಾರ್. "ಇವಳಿಗೂ ನಾನೇ. ಬಂದ ಹೊಸತರಲ್ಲಿ ಪೆನ್ಸಿಲ್ ಹಿಡಿದ ಹಾಗೆ ಹಿಡೀತಿದ್ಳು, ಮಾರಾಯ್ತಿ. ಮೀನಿಗೇ ನಗು ಬರ್ಬೇಕು. ಎರಡು ವರ್ಷದಲ್ಲಿ ನನಗಿಂತ ಬೇಗ ಸೀಳ್ಲಿಕ್ಕೆ ಶುರು ಮಾಡಿದ್ಳು. ಆಗ ನಂಗೆ ಖುಷಿಯೇ ಆಗಿತ್ತು, ಸುಳ್ಳು ಯಾಕೆ. ಮತ್ತೆ ಆಫೀಸಿನವ್ರು ಹೇಳಿದ್ರು, ಇವರಷ್ಟು ಸೀಳಿದ್ರೆ ಇವರಷ್ಟು ದುಡ್ಡು ಅಂತ. ಐವತ್ತೆಂಟಕ್ಕೆ ನನ್ನ ಕೈ ಎಲ್ಲಿಂದ ಓಡ್ಬೇಕು?"

"ಹಾಗಾದರೆ ನಿಮ್ಮ ಕೆಲಸ ಹೋಗಿದ್ದು ಇವರಿಂದಲಾ, ಆಫೀಸಿನವರಿಂದಲಾ?" ಯೋರುನ್ ಕೇಳಿದಳು.

ಹಾಲ್ವಾರ್ ಮಿಲ್ದಾಳ ಮುಖವನ್ನೇ ನೋಡಿದ. "ತೆಗೆದುಕೊಟ್ಟದ್ದು ಆಫೀಸಿನವ್ರು. ತಗೊಂಡದ್ದು ಇವರು. ಇವರು ಬರದೇ ಇದ್ದಿದ್ರೆ ನಾನು ಇವತ್ತೂ ಅಲ್ಲೇ ನಿಂತಿರ್ತಿದ್ದೆ. ಅದು ಅವಳಿಗೂ ಗೊತ್ತುಂಟು."

ಮಿಲ್ದಾಳಿಗೆ ಏನಾದರೂ ಹೇಳಬೇಕೆನಿಸಿತು. ಆದರೆ ಅವಳನ್ನು ಯಾರೂ ಕೇಳಿರಲಿಲ್ಲ. ಕಾಫಿ ಕುಡಿದಳು.

ಯೋರುನ್ ತೂರಿಲ್ ಕಡೆ ತಿರುಗಿ, "ನೀವು?" ಎಂದಳು.

"ನಾನು ತೊಳೀಲಿಕ್ಕೆ ಹೋಗ್ತಿದ್ದೆ," ಎಂದಳು ತೂರಿಲ್. "ಸಂಜೆ, ಸೀಳುವವ್ರು ಹೋದ ಮೇಲೆ. ನಾವು ಮೂರು ಜನ ಹೆಂಗಸರು. ಬೆಲ್ಟು, ಮೇಜು, ನೆಲ, ಎಲ್ಲ. ಈಗ ಮೂರು ವರ್ಷ ಆಯ್ತು, ನೊರೆ ಬಿಡುವ ಮಿಷನು ತಂದಿದ್ದೇವೆ, ಅದೇ ತೊಳ್ಕೊಳ್ತದೆ, ನೀವು ಬರುದು ಬೇಡ ಅಂದ್ರು." ಅವಳು ಕೈಯಲ್ಲಿದ್ದ ಬಟ್ಟೆಯನ್ನು ಮಡಿಸಿದಳು. "ಮೀನಿನ ಕರುಳು ಮೇಜಿನ ಸಂದಿಗೆ ಹೋದ್ರೆ ಬೆರಳು ಹಾಕಿ ತೆಗೀಬೇಕು. ಬೆರಳಿರುವ ಮಿಷನು ಹೇಗಿರ್ತದೆ ಅಂತ ನಂಗೆ ಒಮ್ಮೆ ನೋಡ್ಲಿಕ್ಕುಂಟು."

ಯೋರುನ್ ಅದನ್ನು ಬರೆದುಕೊಂಡಳು.

ಮರುವಾರ ಲಿಥುವೇನಿಯನ್ನರ ಸರದಿ. ಅಂಗಡಿಯ ಮೇಲಿನ ಸಣ್ಣ ಕೋಣೆಯಲ್ಲಿ ಒಬ್ಬೊಬ್ಬರನ್ನೇ ಕರೆಯುತ್ತಿದ್ದರು. ಬಂದವರಿಗೆಲ್ಲ ಮಿಲ್ದಾ ಮೊದಲು ದುಭಾಷಿಯ ಕಟ್ಟಳೆ ಹೇಳುತ್ತಿದ್ದಳು: ಈ ಕೋಣೆಯಲ್ಲಿ ಏನೇ ಮಾತಾಡಿದರೂ ಅದನ್ನು ಇನ್ನೊಂದು ಭಾಷೆಯಲ್ಲಿ ಹೇಳುತ್ತೇನೆ, ಕೂಡಿಸುವುದಿಲ್ಲ, ಬಿಡುವುದಿಲ್ಲ, ಹೊರಗೆ ಒಯ್ಯುವುದಿಲ್ಲ. ಎಲ್ಲರೂ ತಲೆಯಾಡಿಸುತ್ತಿದ್ದರು. ದವಾಖಾನೆಯಲ್ಲೂ ತೆರಿಗೆ ಕಚೇರಿಯಲ್ಲೂ ಇದೇ ಮಾತನ್ನು ಕೇಳಿ ಕೇಳಿ ಅದು ಅವರ ಕಿವಿಗೆ ಬೀಳುವುದೇ ನಿಂತಿತ್ತು.

ಮೂರನೆಯ ದಿನ ರುಗಿಲೆ ಬಂದಳು. ಇಪ್ಪತ್ತನಾಲ್ಕರ ಹುಡುಗಿ, ಸುಗ್ಗಿಗೆ ಬಂದು ಸುಗ್ಗಿ ಮುಗಿದ ಮೇಲೆ ಊರಿಗೆ ಹೋಗುವವಳು. ಇದು ಅವಳಿಗೆ ಮೂರನೆಯ ಸುಗ್ಗಿ. ಜ್ವರ ಬಂದಾಗ, ಬ್ಯಾಂಕಿನ ಖಾತೆ ತೆರೆಯುವಾಗ ಮಿಲ್ದಾಳೇ ಅವಳ ಜೊತೆ ಹೋಗಿದ್ದಳು. ಭಾನುವಾರ ಮಿಲ್ದಾಳ ಮನೆಗೆ ಬಂದು ಬೀಟ್ರೂಟಿನ ತಣ್ಣನೆ ಸಾರು ಕುಡಿದು, ಮಗಳ ತಲೆ ಬಾಚಿ ಹೋಗುವಷ್ಟು ಸಲಿಗೆ ಇತ್ತು.

ಕೂಲಿಯ ಬಗ್ಗೆ, ಇರಲು ಕೊಟ್ಟ ಮನೆಯ ಬಗ್ಗೆ, ಊರವರ ಬಗ್ಗೆ ಯೋರುನ್ ಕೇಳಿದಳು. ರುಗಿಲೆ ಲವಲವಿಕೆಯಿಂದಲೇ ಉತ್ತರ ಕೊಟ್ಟಳು. ಆಮೇಲೆ ಯೋರುನ್, "ನಾಲ್ಕು ಗಂಟೆಗೆ ಪಾಳಿ ಮುಗಿದ ಮೇಲೆ ಏನು ಮಾಡ್ತೀರಿ?" ಎಂದಳು.

ಮಿಲ್ದಾ ಅದನ್ನು ಲಿಥುವೇನಿಯನ್‌ನಲ್ಲಿ ಕೇಳಿದಳು. ರುಗಿಲೆ ಕುರ್ಚಿಯಲ್ಲಿ ಸ್ವಲ್ಪ ಮುಂದೆ ಸರಿದು ದನಿ ತಗ್ಗಿಸಿದಳು.

"ಮಿಲ್ದಕ್ಕಾ, ತೊಳೆಯೋ ವಿಷ್ಯ ಇವಳಿಗೆ ಹೇಳ್ಬೇಡಿ. ಮನೆಗೆ ಹೋಗ್ತೀವಿ ಅಂತಷ್ಟೇ ಅಂದ್ಬಿಡಿ."

ಎಷ್ಟೋ ವರ್ಷದ ರೂಢಿ. ಕಿವಿಗೆ ಬಿದ್ದ ಮಾತು ಇನ್ನೊಂದು ಭಾಷೆಯಾಗಿ ನಾಲಿಗೆಯ ತುದಿಗೆ ಬಂದು ನಿಂತಿತು. ಮಿಲ್ದಾ ಅದನ್ನು ನುಂಗಬಹುದಿತ್ತು. ನುಂಗಿದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ಇವತ್ತು ಇದನ್ನು ನುಂಗಿದರೆ, ನಾಳೆ ಡಾಕ್ಟರ ಎದುರು ಏನನ್ನು ನುಂಗುತ್ತೇನೋ ಎಂದು ತನ್ನನ್ನು ತಾನೇ ನಂಬಲಾಗುತ್ತಿರಲಿಲ್ಲ.

"ಅವಳು ನನಗೆ ಹೇಳ್ತಿದ್ದಾಳೆ," ಎಂದು ಮಿಲ್ದಾ ನಾರ್ವೆಯ ಮಾತಿನಲ್ಲಿ ಹೇಳಿದಳು, "ಮಿಲ್ದಕ್ಕಾ, ತೊಳೆಯೋ ವಿಷಯ ಇವಳಿಗೆ ಹೇಳಬೇಡಿ, ಮನೆಗೆ ಹೋಗ್ತೀವಿ ಅಂತ ಅಂದುಬಿಡಿ ಅಂತ."

ಮೂರು ಸುಗ್ಗಿ ಕಳೆದ ರುಗಿಲೆಗೆ ಅಷ್ಟು ನಾರ್ವೆ ಮಾತು ಅರ್ಥವಾಗುತ್ತಿತ್ತು. ಅವಳು ಕುರ್ಚಿಯನ್ನು ಹಿಂದಕ್ಕೆ ಸರಿಸಿದಳು. ಯೋರುನ್ ಪೆನ್ನು ಕೆಳಗಿಟ್ಟಳು.

"ನೀವು ಉತ್ತರ ಕೊಡಲೇಬೇಕು ಅಂತ ಇಲ್ಲ," ಎಂದಳು ನಿಧಾನವಾಗಿ. "ಎದ್ದು ಹೋಗಬಹುದು. ನಿಮ್ಮ ಹೆಸರಾಗಲಿ, ಊರಿನ ಹೆಸರಾಗಲಿ, ಕಾರ್ಖಾನೆಯ ಹೆಸರಾಗಲಿ ನನ್ನ ಬರಹದಲ್ಲಿ ಇರೋದಿಲ್ಲ."

ಮಿಲ್ದಾ ಅದನ್ನೂ ದಾಟಿಸಿದಳು. ರುಗಿಲೆ ಎದ್ದು ಹೋಗಲಿಲ್ಲ. ಯೋರುನ್‌ಳನ್ನು ನೋಡದೆ ಮಿಲ್ದಾಳನ್ನೇ ನೋಡುತ್ತ, ಒಂದೊಂದು ಮಾತನ್ನೂ ಮೊಳೆ ಹೊಡೆದ ಹಾಗೆ ಹೇಳತೊಡಗಿದಳು.

"ಸರಿ, ಹೇಳಿ. ನಾಲ್ಕಕ್ಕೆ ಹಾಜರಿ ಕಾರ್ಡ್ ಉಜ್ಜಿ ಹೊರಗೆ ಬರ್ತೀವಿ. ಮತ್ತೆ ಹಿಂದಿನ ಬಾಗಿಲಿಂದ ಒಳಗೆ ಹೋಗಿ ಒಂದೂವರೆ ಗಂಟೆ ತೊಳೀತೀವಿ. ಸುಗ್ಗಿಗೆ ಬಂದ ಹುಡುಗೀರು ಎಲ್ಲರೂ. ಅದಕ್ಕೆ ದುಡ್ಡಿಲ್ಲ. ಹೇಳಿದ್ರಾ? ಇನ್ನೂ ಇದೆ. ಮಾಡಿ ಅಂತ ಯಾರೂ ಬಾಯಿ ಬಿಟ್ಟು ಹೇಳಿಲ್ಲ. ಮೊದಲ್ನೇ ವರ್ಷ ಒಬ್ಳು ನಾನು ಮಾಡಲ್ಲ ಅಂದ್ಳು. ಮರುವರ್ಷ ಅವಳನ್ನ ಕರೀಲಿಲ್ಲ. ಸಾಕಾ? ಇದನ್ನೂ ಹೇಳಿ, ಅವಳು ನನ್ನ ಗೆಳತಿ."

ಮಿಲ್ದಾ ಎಲ್ಲವನ್ನೂ ಹೇಳಿದಳು.

ಮಾತು ಮುಗಿದ ಮೇಲೆ ಮೆಟ್ಟಿಲ ಬಳಿ ರುಗಿಲೆ ಜಾಕೆಟ್ಟಿನ ಜಿಪ್ಪು ಎಳೆಯುತ್ತ ನಿಂತಿದ್ದಳು.

"ನೀವು ನಮ್ಮೋರು ಅಂದ್ಕೊಂಡಿದ್ದೆ," ಎಂದಳು.

"ಮೊದಲೇ ಹೇಳಿದ್ದೆನಲ್ಲ ರುಗಿಲೆ, ಒಳಗೆ ಆಡಿದ ಮಾತೆಲ್ಲ ದಾಟಿಸ್ತೀನಿ ಅಂತ."

"ಹೇಳಿದ್ರಿ. ಅದು ಬೇರೆಯೋರಿಗೆ ಹೇಳೋ ಮಾತು ಅಂದ್ಕೊಂಡೆ."

ಅವಳು ಇಳಿದು ಹೋದಳು. ಆ ಭಾನುವಾರ ಬರಲಿಲ್ಲ. ರುಗಿಲೆ ಉಳಿದ ಹುಡುಗಿಯರಿಗೆ ಏನು ಹೇಳಿದಳೋ, ಮಂಗಳವಾರ ದವಾಖಾನೆಯಲ್ಲಿ ಮಿಲ್ದಾಳ ಸರದಿಗಳಲ್ಲಿ ಎರಡು ರದ್ದಾದವು. ಒಬ್ಬಳು ತನ್ನ ಐದನೇ ತರಗತಿಯ ಮಗಳನ್ನೇ ದುಭಾಷಿಯಾಗಿ ಕರೆದುಕೊಂಡು ಬಂದಿದ್ದಳೆಂದು ನರ್ಸು ಬೇಸರದಿಂದ ಹೇಳಿದಳು.

ಮನೆಯಲ್ಲಿ ಮಿಲ್ದಾ ಏನನ್ನೂ ಹೇಳುವಂತಿರಲಿಲ್ಲ. ಆದರೂ ಗಂಡನನ್ನು ಬೇರೆ ದಾರಿಯಿಂದ ಕೇಳಿದಳು.

"ಕಾರ್ಖಾನೆ ತೊಳೆಯೋ ಮಿಷನ್ ಹೇಗಿದೆಯೋ?"

ಆಲ್ವಿದಾಸ್ ಬ್ರೆಡ್ಡಿಗೆ ಬೆಣ್ಣೆ ಸವರುತ್ತಿದ್ದ ಕೈಯನ್ನು ನಿಲ್ಲಿಸಿದ. "ಯಾಕೆ?"

"ಸುಮ್ಮನೆ ಕೇಳ್ದೆ."

"ನೊರೆ ಬಿಡುತ್ತೆ. ಉಳಿದದ್ದನ್ನ ಹುಡುಗೀರು ತೊಳೀತಾರೆ."

"ಯಾವ ಲೆಕ್ಕದಲ್ಲಿ?"

"ಯಾವ ಲೆಕ್ಕದಲ್ಲೂ ಇಲ್ಲ. ಎಲ್ಲರಿಗೂ ಗೊತ್ತಿರೋದೇ ಅದು. ಈಗೇನು?"

"ನನಗೆ ಗೊತ್ತಿರಲಿಲ್ಲ," ಎಂದಳು ಮಿಲ್ದಾ. "ಮೂರು ವರ್ಷದಿಂದ ಇದೇ ಬೀದೀಲಿ ತೂರಿಲ್ ಎದುರು ಸಿಕ್ಕಿದಾಗಲೆಲ್ಲ ಹವಾಮಾನದ ಮಾತಾಡಿಕೊಂಡು ಬಂದಿದೀನಿ. ಅವಳ ಕೆಲಸ ಅದು. ನಿನಗೆ ಒಂದು ಮಾತು ಹೇಳ್ಬೇಕು ಅನ್ನಿಸ್ಲಿಲ್ವಾ?"

"ಹೇಳಿದ್ರೆ ಏನಾಗ್ತಿತ್ತು? ನೀನು ಹೋಗಿ ಜಗಳ ಆಡ್ತಿದ್ದೆ. ಆಫೀಸಿನೋರು ನನ್ನನ್ನ ಹಿಡ್ಕೊಂಡು ಝಾಡಿಸ್ತಿದ್ರು. ನನ್ನ ಕೂಲಿ ಏರಿ ಎಷ್ಟು ವರ್ಷ ಆಯ್ತು ಗೊತ್ತಾ ನಿನಗೆ? ಕೇಳೋಕೆ ಹೋದ್ರೆ, ನಿನ್ನ ಜಾಗಕ್ಕೆ ಹಡಗಿನ ತುಂಬ ಜನ ಬರ್ತಾರೆ ಅಂತಾರೆ. ಬರ್ತಾರೆ ಕಣೇ, ನಿಜವಾಗ್ಲೂ ಬರ್ತಾರೆ. ನಾನೂ ಹಾಗೇ ಬಂದೋನಲ್ವಾ?"

ಅವನು ಬ್ರೆಡ್ಡನ್ನು ತಟ್ಟೆಯಲ್ಲೇ ಬಿಟ್ಟು ಎದ್ದು, ಅಂಗಳದ ಹಿಮ ಎತ್ತಲು ಸಲಿಕೆ ಹಿಡಿದು ಹೊರಗೆ ಹೋದ. ಅಂದು ಅಂಗಳದಲ್ಲಿ ಹೆಚ್ಚು ಹಿಮವೇನೂ ಇರಲಿಲ್ಲ.

ಯೋರುನ್ ತನ್ನ ಕೆಲಸ ಮುಗಿಸಿ ಹಡಗು ಹತ್ತಿದಳು. ಅವಳು ಹೋದ ಮರುದಿನ ಅಂಗಡಿಯಲ್ಲಿ, ಹಾಲಿನ ಡಬ್ಬಿಗಳ ಕಪಾಟಿನ ಮುಂದೆ, ತೂರಿಲ್ ಮಿಲ್ದಾಳನ್ನು ಹಿಡಿದು ನಿಲ್ಲಿಸಿದಳು.

"ನಿಮ್ಮವರು ಆ ಮಿಷನಿನ ಬಗ್ಗೆ ಎಂತಾದ್ರೂ ಹೇಳಿದ್ರಾ?"

"ಅದನ್ನ ನಾನು ಹೇಳೋ ಹಾಗಿಲ್ಲ, ತೂರಿಲ್."

"ಇಲ್ಲ ಅಂತ ಹೇಳ್ಬಹುದಲ್ಲ?"

ಮಿಲ್ದಾ ಕಪಾಟಿನಿಂದ ಒಂದು ಡಬ್ಬಿ ತೆಗೆದು ಅದರ ತಾರೀಖು ನೋಡಿದಳು. ತೂರಿಲ್ ಅವಳ ಮುಖವನ್ನು ಸ್ವಲ್ಪ ಹೊತ್ತು ನೋಡಿ, ಒಂದು ಡಬ್ಬಿ ಹಾಲು ತೆಗೆದು ಬುಟ್ಟಿಗೆ ಹಾಕಿಕೊಂಡು, "ಆಯ್ತು," ಎಂದು ಹೊರಟುಹೋದಳು.

ಮನೆಗೆ ಬರುವ ದಾರಿಯುದ್ದಕ್ಕೂ ಮಿಲ್ದಾ ಅದನ್ನೇ ಯೋಚಿಸಿದಳು. ಹೇಳಲಾರೆ ಎಂದದ್ದೇ ಹೇಳಿದ ಹಾಗಾಯಿತೆ? ಇಲ್ಲ ಎಂದಿದ್ದರೆ ಅದು ಸುಳ್ಳಾಗುತ್ತಿತ್ತು. ಮೂರನೆಯ ಉತ್ತರ ಅವಳಿಗೆ ಹೊಳೆಯಲಿಲ್ಲ. ವರ್ಷಗಳ ಮೇಲೂ ಅದು ಹೊಳೆದಿಲ್ಲ.

ಮರುದಿನ ಸಂಜೆ ತೂರಿಲ್ ತನ್ನ ಹಳೆಯ ಗಂಬೂಟು ಮೆಟ್ಟಿ, ರಬ್ಬರಿನ ಏಪ್ರನ್ ಕಟ್ಟಿಕೊಂಡು, ಬೀದಿಯ ನಡುವೆಯೇ ಕಾರ್ಖಾನೆಯ ಕಡೆ ನಡೆದಳು. ಮಿಲ್ದಾ ಕಿಟಕಿಯಿಂದ ನೋಡಿದಳು. ಒಳಗೆ ನಡೆದದ್ದನ್ನು ಆಮೇಲೆ ಊರೇ ಆಡಿಕೊಂಡಿತು. ತೂರಿಲ್ ಹಿಂದಿನ ಬಾಗಿಲಿಂದ ಒಳಗೆ ಹೋದಾಗ ಏಳೆಂಟು ಹುಡುಗಿಯರು ನೀರಿನ ಪೈಪು ಹಿಡಿದು ಮೇಜು ತೊಳೆಯುತ್ತಿದ್ದರು. ಅವಳು ಯಾರನ್ನೂ ಏನನ್ನೂ ಕೇಳಲಿಲ್ಲ. ಗೋಡೆಗೆ ನೇತುಹಾಕಿದ್ದ ಬ್ರಶ್ಶು ತೆಗೆದುಕೊಂಡು, ಅವರ ಪಕ್ಕದಲ್ಲಿ ಬಗ್ಗಿ ತಿಕ್ಕಲು ತೊಡಗಿದಳು. ಹುಡುಗಿಯರು ಗಾಬರಿಯಾಗಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ರುಗಿಲೆ ತನ್ನ ಪೈಪನ್ನು ಸ್ವಲ್ಪ ಸರಿಸಿ ಅವಳಿಗೆ ಜಾಗ ಮಾಡಿಕೊಟ್ಟಳು. ಎಲ್ಲ ಮುಗಿದ ಮೇಲೆ ತೂರಿಲ್ ಬ್ರಶ್ಶನ್ನು ಮತ್ತೆ ಗೋಡೆಗೆ ಸಿಕ್ಕಿಸಿ ಮನೆಗೆ ಬಂದಳು.

ಎರಡನೆಯ ಸಂಜೆಯೂ ಹೋದಳು. ಮೂರನೆಯ ಸಂಜೆ ನಾಲ್ಕು ಗಂಟೆ ದಾಟುತ್ತಲೇ ಕಾರ್ಖಾನೆಯ ಮ್ಯಾನೇಜರ್ ಒದ್ವಾರ್ ಮಿಲ್ದಾಳಿಗೆ ಫೋನು ಮಾಡಿದ.

"ಒಮ್ಮೆ ಬಾ ಮಾರಾಯ್ತಿ. ಇಲ್ಲಿ ಹುಡುಗಿಯರ ಹತ್ರ ಮಾತಾಡ್ಲಿಕ್ಕುಂಟು. ದುಭಾಷಿಯ ದುಡ್ಡು ನಾವೇ ಕೊಡ್ತೇವೆ."

ಮಿಲ್ದಾ ಹೋದಳು. ಒದ್ದೆ ನೆಲದ ಮೇಲೆ ಹುಡುಗಿಯರು ಒಂದು ಕಡೆ ಗುಂಪಾಗಿ ನಿಂತಿದ್ದರು. ತೂರಿಲ್ ಮಾತ್ರ ಯಾರೂ ಬಂದಿಲ್ಲವೇನೋ ಎಂಬಂತೆ ಬೆಲ್ಟಿನ ಅಡಿಯಲ್ಲಿ ತಿಕ್ಕುತ್ತಿದ್ದಳು. ಏನೋ ನಡೆಯುತ್ತಿದೆ ಎಂದು ಬಟ್ಟೆ ಬದಲಿಸುವ ಕೋಣೆಯಿಂದ ಬಂದ ಗಂಡಸರು ಬಾಗಿಲಲ್ಲಿ ಗುಂಪುಗೂಡಿದ್ದರು. ಅವರಲ್ಲಿ ಆಲ್ವಿದಾಸನೂ ಇದ್ದ. ಮಿಲ್ದಾ ಎರಡೂ ಭಾಷೆಯಲ್ಲಿ ಕಟ್ಟಳೆ ಹೇಳಿದಳು. ಈ ಸಲ ಸ್ವಲ್ಪ ಜೋರಾಗಿ, ನಿಧಾನವಾಗಿ ಹೇಳಿದಳು.

"ತೂರಿಲ್," ಎಂದ ಒದ್ವಾರ್, "ನಿನ್ನ ಹೆಸರು ನಮ್ಮ ಹಾಜರಿಯಲ್ಲಿಲ್ಲ. ಕಾಲು ಜಾರಿ ಬಿದ್ರೆ ನಾನು ಎಂತ ಹೇಳ್ಲಿ?"

ತೂರಿಲ್ ಬಗ್ಗಿದಲ್ಲಿಂದಲೇ ಹೇಳಿದಳು. "ಇವರ ಹೆಸರೂ ಈ ಹೊತ್ತಿಗೆ ಹಾಜರಿಯಲ್ಲಿಲ್ಲ ಅಲ್ವಾ? ಇವರು ಬಿದ್ರೆ ಎಂತ ಹೇಳ್ತಿ?"

ಮಿಲ್ದಾ ಅದನ್ನು ಲಿಥುವೇನಿಯನ್‌ನಲ್ಲಿ ಹೇಳಿದಳು. ಒಬ್ಬ ಹುಡುಗಿ ಕೈಯಿಂದ ಬಾಯಿ ಮುಚ್ಚಿ ನಕ್ಕಳು.

"ಇವರಿಗೆ ಮನೆಗೆ ಹೋಗ್ಲಿಕ್ಕೆ ಹೇಳು," ಎಂದ ಒದ್ವಾರ್. "ಇವತ್ತಿಗೆ ಸಾಕು."

ರುಗಿಲೆ ಮುಂದೆ ಬಂದಳು. "ಕೇಳಿ ಅವರನ್ನ. ಇವತ್ತು ಹೋಗ್ತೀವಿ, ನಾಳೆಯಿಂದ ಯಾರೂ ನಿಲ್ಲಲ್ಲ. ಮುಂದಿನ ವರ್ಷ ನಮ್ಮನ್ನ ಕರೀತಾರಾ?"

ಮಿಲ್ದಾ ಕೇಳಿದಳು. ಒದ್ವಾರ್ ಟೋಪಿ ತೆಗೆದು ತಲೆ ಕೆರೆದುಕೊಂಡ. "ಅದು ಮೀನಿನ ಮೇಲೆ ಹೋಗ್ತದೆ. ಎಷ್ಟು ಮೀನು ಬರ್ತದೆ, ಎಷ್ಟು ಕೈ ಬೇಕಾಗ್ತದೆ..." ಆಮೇಲೆ ಅವಳ ಕಡೆ ಬಾಗಿ ಮೆಲ್ಲಗೆ, "ನಿಲ್ಲದವರನ್ನು ಕರೀಲಿಕ್ಕೆ ನಮಗೆಂತ ಹರಕೆ ಉಂಟಾ? ಅದನ್ನು ಹೇಳ್ಬೇಡ ಮತ್ತೆ, ನಾನು ನಿನ್ನ ಹತ್ರ ಹೇಳಿದ್ದು," ಎಂದ.

ಮಿಲ್ದಾ ಅದಷ್ಟನ್ನೂ, ಹೇಳಬೇಡ ಎಂದದ್ದನ್ನೂ ಸೇರಿಸಿ, ಲಿಥುವೇನಿಯನ್‌ನಲ್ಲಿ ಹೇಳಿದಳು.

ಪೈಪಿನಿಂದ ನೀರು ಸುಮ್ಮನೆ ಹರಿಯುತ್ತಿತ್ತು. ಆಗ ಬಾಗಿಲಲ್ಲಿದ್ದ ಆಲ್ವಿದಾಸ್ ಒಳಗೆ ಬಂದು ನಲ್ಲಿ ತಿರುಗಿಸಿದ. ನೀರು ನಿಂತಿತು. ಅವನ ನಾರ್ವೆ ಮಾತು ಮುರುಕಲು, ಹೆಂಡತಿಯ ಎದುರು ಆಡಲು ಅವನಿಗೆ ಸದಾ ನಾಚಿಕೆ. ಆದರೂ ಯಾರ ಸಹಾಯವಿಲ್ಲದೆ ಹೇಳಿದ.

"ನಾನು ನೋಡಿದ್ದು. ಮೂರು ವರ್ಷ. ದಿನಾ ಸಂಜೆ. ದುಡ್ಡು ಇಲ್ಲ. ಸಂಘಕ್ಕೆ ನಾನು ಹೇಳ್ತೇನೆ."

ಅವನ ಹಿಂದೆ ಇನ್ನಿಬ್ಬರು ಹೌದು ಎಂದು ತಲೆಯಾಡಿಸಿದರು. ಒದ್ವಾರ್ ಎಲ್ಲರನ್ನೂ ಒಮ್ಮೆ ನೋಡಿ, ಟೋಪಿ ಹಾಕಿಕೊಂಡು ಆಫೀಸಿಗೆ ಹೋದ. ತೂರಿಲ್ ಎದ್ದು ಸೊಂಟ ನೆಟ್ಟಗೆ ಮಾಡಿಕೊಂಡಳು. ಹತ್ತಿರ ನಿಂತ ರುಗಿಲೆ ಅವಳ ಮೊಣಕೈ ಹಿಡಿದುಕೊಂಡಳು. ಮಿಲ್ದಾಳನ್ನು ನೋಡಲಿಲ್ಲ.

ಮುಂದಿನದು ಗದ್ದಲವಿಲ್ಲದೆ ನಡೆಯಿತು. ಕಾರ್ಮಿಕ ಸಂಘದವರು ಹಡಗಿನಲ್ಲಿ ಬಂದು ಎರಡು ದಿನ ಇದ್ದು ಹೋದರು. ಈಸ್ಟರ್ ಹಬ್ಬದ ಹೊತ್ತಿಗೆ ತೊಳೆಯುವ ಕೆಲಸ ಮತ್ತೆ ಕೂಲಿ ಕೊಡುವ ಕೆಲಸವಾಯಿತು. ಹುಡುಗಿಯರಿಗೆ ಆ ವರ್ಷದ ಬಾಕಿ ಸಿಕ್ಕಿತು. ಅದರ ಹಿಂದಿನ ವರ್ಷಗಳದ್ದನ್ನು ಯಾರೂ ರುಜುವಾತು ಮಾಡಲಾರದೆ ಬಿಟ್ಟರು. ತೊಳೆಯಲು ಇಬ್ಬರನ್ನು ತೆಗೆದುಕೊಂಡರು: ಒಬ್ಬಳು ತೂರಿಲ್, ಇನ್ನೊಬ್ಬಳು ಅಲ್ಲೇ ಮನೆ ಮಾಡಿಕೊಂಡಿದ್ದ ಲಿಥುವೇನಿಯನ್ ಹೆಂಗಸು. ತೂರಿಲ್ ಒಂದು ಚಳಿಗಾಲ ಮಾಡಿ, ಮಂಡಿ ನೋವೆಂದು ತಾನೇ ಬಿಟ್ಟಳು. ಮುಂದಿನ ಸುಗ್ಗಿಗೆ ಹಳೆಯ ಹುಡುಗಿಯರಲ್ಲಿ ಅರ್ಧ ಜನರಿಗೆ ಕರೆ ಬಂತು. ರುಗಿಲೆಗೆ ಬರಲಿಲ್ಲ. ಮೀನು ಕಡಿಮೆ ಎಂದು ಕಾರಣ ಹೇಳಿದರು. ಮೀನು ನಿಜವಾಗಿಯೂ ಆ ವರ್ಷ ಕಡಿಮೆಯಿತ್ತು. ಅದರಿಂದ ಯಾರೂ ಏನೂ ಹೇಳುವಂತಿರಲಿಲ್ಲ.

ಮಿಲ್ದಾಳ ಕೆಲಸವೂ ಒಂದು ವರ್ಷ ಸೊರಗಿತು. ಒದ್ವಾರ್ ಮತ್ತೆ ಕರೆಯಲಿಲ್ಲ. ಲಿಥುವೇನಿಯನ್ನರು ಮೆಲ್ಲಗೆ, ಒಬ್ಬೊಬ್ಬರಾಗಿ, ಬೇರೆ ದಾರಿಯಿಲ್ಲದೆ ಮರಳಿದರು. ಮೊದಲು ಮರಳಿದವಳು, ಮಗಳನ್ನು ದುಭಾಷಿಯಾಗಿ ಕರೆದುಕೊಂಡು ಹೋಗಿದ್ದವಳೇ. ಗರ್ಭಕೋಶದ ಗಂಟಿನ ಮಾತನ್ನು ಮಗುವಿನ ಬಾಯಲ್ಲಿ ಆಡಿಸಲು ಅವಳಿಗೆ ಮನಸ್ಸಾಗಲಿಲ್ಲ.

ಯೋರುನ್‌ಳ ವರದಿ ಎರಡನೆಯ ಶರತ್ಕಾಲದಲ್ಲಿ ಬಂತು. ಮಾತು ಕೊಟ್ಟ ಹಾಗೆ ಯಾರ ಹೆಸರೂ ಇರಲಿಲ್ಲ. ಸ್ಕಾರ್ವೊಯ್ ಕೂಡ "ಒಂದು ದ್ವೀಪ" ಎಂದಷ್ಟೇ ಇತ್ತು. ಮಿಲ್ದಾ ಅಡುಗೆಮನೆಯಲ್ಲಿ ಕೂತು ಪೂರ್ತಿ ಓದಿದಳು. ವಲಸೆಯಿಂದ ಊರವರ ಸರಾಸರಿ ಕೂಲಿ ಇಳಿದಿಲ್ಲ ಎಂದಿತ್ತು. ಹರೆಯದವರು ಹೆಚ್ಚಾಗಿ ಬೇರೆ, ಉತ್ತಮ ಕೆಲಸಗಳಿಗೆ ಸರಿದಿದ್ದರು. ವಯಸ್ಸಾದ ಕೆಲವರು ಅವಧಿಗೆ ಮೊದಲೇ ಬಿಟ್ಟಿದ್ದರು. ಹೊಸ ವಲಸಿಗರು ಬಂದಂತೆಲ್ಲ ಕೂಲಿ ಏರದೆ ನಿಂತುಹೋದದ್ದು ಎಲ್ಲರಿಗಿಂತ ಹೆಚ್ಚಾಗಿ ಅವರಿಗಿಂತ ಮೊದಲು ಬಂದ ವಲಸಿಗರದ್ದು.

ಅವಳು ಅದನ್ನು ಗಂಡನಿಗೆ ಓದಿ ಹೇಳಿದಳು.

"ಅದು ನಾನು," ಎಂದ ಆಲ್ವಿದಾಸ್.

"ಹೌದು, ನೀನೇ."

"ಎರಡು ವರ್ಷ ಓದಿ ಇದನ್ನ ಕಂಡುಹಿಡಿದ್ಳಾ? ನನ್ನನ್ನ ಕೇಳಿದ್ರೆ ಒಂದು ಕಪ್ ಕಾಫಿಗೆ ಹೇಳ್ತಿದ್ದೆ," ಎಂದ. ಆದರೆ ಆ ಹಾಳೆಯನ್ನು ಅವಳ ಕೈಯಿಂದ ಇಸಿದುಕೊಂಡು, ಆ ಸಾಲುಗಳ ಮೇಲೆ ಬೆರಳಿಟ್ಟು ತಾನೇ ಇನ್ನೊಮ್ಮೆ ಓದಿದ. ಆಮೇಲೆ ಮರುವಾರದ ಸಂಘದ ಸಭೆಗೆ ಅದನ್ನು ಮಡಿಸಿ ಜೇಬಿನಲ್ಲಿಟ್ಟುಕೊಂಡು ಹೋದ. ಅಲ್ಲಿ ಏನು ಮಾತಾಡಿದನೆಂದು ಹೇಳಲಿಲ್ಲ. ಮರುವರ್ಷ ಕಾಯಂ ಕೆಲಸಗಾರರ ಕೂಲಿ ಚೂರು ಏರಿತು.

ಹಾಲ್ವಾರ್‌ಗೂ ಅವಳು ಒಂದು ಪ್ರತಿ ಕೊಟ್ಟಿದ್ದಳು. ಅವನು ಬೇಲಿಯ ಬಳಿ ಸಿಕ್ಕಿದಾಗ ಮುಖ ಗಂಟುಹಾಕಿಕೊಂಡಿದ್ದ.

"ಮೂವತ್ತು ವರ್ಷದ್ದು ಒಂದು ಸಾಲು," ಎಂದ. "‘ವಯಸ್ಸಾದ ಕೆಲವರು’ ಅಂತೆ. ಕೆಲವರು."

"ಹೆಸರು ಹಾಕಲ್ಲ ಅಂತ ಅವಳು ಮೊದಲೇ ಹೇಳಿದ್ದಳಲ್ಲ."

"ಹಾಕ್ಬಹುದಿತ್ತು. ನಾನು ಬೇಡ ಅಂತ ಹೇಳಿರ್ಲಿಲ್ಲ." ಅವನು ಬೇಲಿಯ ಮೇಲಿನ ಹಿಮವನ್ನು ಕೈಯಿಂದ ಒರೆಸಿ ಬೀಳಿಸಿದ. "ನಿಮ್ಮವರದ್ದೂ ಏರ್ಲಿಲ್ಲ ಅಂತ ಬರ್ದಿದ್ದಾಳೆ. ಅದು ನಂಗೆ ಗೊತ್ತಿರ್ಲಿಲ್ಲ. ನೀವು ಗಂಟು ಮಾಡ್ತಿದ್ದೀರಿ ಅಂತ ಅಂದ್ಕೊಂಡಿದ್ದೆ."

"ನಾವೂ ಹಾಗೇ ಅಂದ್ಕೊಂಡಿದ್ವಿ," ಎಂದಳು ಮಿಲ್ದಾ.

ಹಾಲ್ವಾರ್‌ಗೆ ನಗು ಬಂತು. ಅದನ್ನು ತೋರಿಸಿಕೊಳ್ಳಲು ಮನಸ್ಸಿಲ್ಲದೆ ಕೆಮ್ಮಿದ. ನಾಳೆ ಮೀನಿನ ಕೊಫ್ತ ಮಾಡುತ್ತಾಳಂತೆ ತೂರಿಲ್, ಮಗಳನ್ನೂ ಕರೆದುಕೊಂಡು ಬನ್ನಿ ಎಂದು ಹೇಳಿ ಒಳಗೆ ಹೋದ.

ರುಗಿಲೆಗೆ ಮಿಲ್ದಾ ಆ ಎರಡು ವರ್ಷದಲ್ಲಿ ಎಷ್ಟೋ ಸಲ ಫೋನು ಮಾಡಿದ್ದಳು. ಅವಳು ಎತ್ತಿರಲಿಲ್ಲ. ದಕ್ಷಿಣದ ಇನ್ನೊಂದು ದ್ವೀಪದಲ್ಲಿ ಸಾಲ್ಮನ್ ಮೀನಿನ ಕಾರ್ಖಾನೆಗೆ ಸೇರಿದ್ದಾಳೆ, ಅಲ್ಲೇ ವರ್ಷವಿಡೀ ಕೆಲಸ ಎಂದು ಬೇರೆಯವರಿಂದ ತಿಳಿದಿತ್ತು. ವರದಿ ಬಂದ ವರ್ಷದ ನವೆಂಬರಿನಲ್ಲಿ ಒಂದು ಶನಿವಾರ ಮಧ್ಯಾಹ್ನ ಮಿಲ್ದಾ ಹೆಚ್ಚು ಆಸೆಯಿಟ್ಟುಕೊಳ್ಳದೆ ಮತ್ತೆ ಫೋನು ಮಾಡಿದಳು. ಆ ಕಡೆಯಿಂದ, "ಹೇಳಿ ಮಿಲ್ದಕ್ಕಾ," ಎಂಬ ದನಿ ಬಂತು.

ಇಬ್ಬರೂ ಆರೋಗ್ಯ ವಿಚಾರಿಸಿಕೊಂಡರು. ರುಗಿಲೆ ಕೆಲಸದ ಮಾತಾಡಿದಳು. ಸಾಲ್ಮನ್ ಕಾಡ್‌ಗಿಂತ ಜಾರುತ್ತದೆ, ಆದರೆ ಕಟ್ಟಡ ಬೆಚ್ಚಗಿದೆ ಎಂದಳು. ಮಾತು ನಿಂತಾಗ ಮಿಲ್ದಾ ಕೇಳಿದಳು.

"ನನ್ನ ಮೇಲೆ ಸಿಟ್ಟಿದೆಯಾ ಇನ್ನೂ?"

"ಇತ್ತು," ಎಂದಳು ರುಗಿಲೆ. "ಈಗಲೂ ಸ್ವಲ್ಪ ಇದೆ."

"ಸರಿ," ಎಂದಳು ಮಿಲ್ದಾ.

"ಹೋಗ್ಲಿ ಬಿಡಿ. ಒಂದು ಹಳೇ ಕಾರ್ ತಗೊಂಡಿದೀನಿ. ಇನ್ನೂ ಬೇಸಿಗೆ ಟಯರೇ ಇದೆ ಅದಕ್ಕೆ. ಹಿಮದಲ್ಲಿ ಜಾರದ ಹಾಗೆ ಮೊಳೆ ಇರೋ ಟಯರ್ ಹಾಕ್ಬೇಕಾ, ಮೊಳೆ ಇಲ್ಲದ್ದು ಸಾಕಾ? ಇಲ್ಲಿ ಒಬ್ಬೊಬ್ರು ಒಂದೊಂದು ಹೇಳ್ತಾರೆ."

"ಮೊಳೆ ಇರೋದೇ ಹಾಕು. ಸೇತುವೆ ಮೇಲೆ ಗಾಳಿ ಹೊಡೆಯುತ್ತೆ ಅಲ್ಲಿ. ತಡಿ, ಆಲ್ವಿದಾಸ್‌ನ ಕೇಳ್ತೀನಿ," ಎಂದು ಮಿಲ್ದಾ ಫೋನು ಹಿಡಿದೇ ಅಂಗಳಕ್ಕೆ ಹೋದಳು. ಮೂವರೂ ಟಯರಿನ ಮಾತನ್ನು ಬಹಳ ಹೊತ್ತು ಆಡಿದರು.